ಗಡುವು ರೈತನಿಗೆ ಮಾತ್ರ

ಜರಗನಹಳ್ಳಿಯಲ್ಲಿ ಇವತ್ತು ಫ್ಲ್ಯಾಟ್ ಕೊಳ್ಳುವವರು ಕ್ರಯಪತ್ರದ ಕೊನೆಯ ಪುಟಗಳಲ್ಲಿರುವ ಷೆಡ್ಯೂಲನ್ನು ಒಮ್ಮೆ ಓದಬೇಕು. ಅಲ್ಲಿ ಹಳ್ಳಿ ಇನ್ನೂ ಬದುಕಿದೆ. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಜರಗನಹಳ್ಳಿ ಗ್ರಾಮ, ಸರ್ವೆ ನಂಬರ್ ಇಂಥದ್ದು, ಇಷ್ಟು ಎಕರೆ ಇಷ್ಟು ಗುಂಟೆ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಖರಾಬು ಹಳ್ಳ ಎಂದೆಲ್ಲ ಚೆಕ್ಕುಬಂದಿ ಬರೆದಿರುತ್ತಾರೆ. ಹೊರಗೆ ಬಂದರೆ ಕನಕಪುರ ರಸ್ತೆಯ ಮೇಲೆ ಮೆಟ್ರೊ ಓಡುತ್ತಿರುತ್ತದೆ. ಕಾಗದದಲ್ಲಿರುವ ಆ ಸರ್ವೆ ನಂಬರನ್ನು ಉಳುತ್ತಿದ್ದ ಮನೆತನ ಜಮೀನನ್ನು ಹೇಗೆ ಕಳೆದುಕೊಂಡಿತು ಎಂದು ಕೇಳಿದರೆ ಒಂದೊಂದು ಸರ್ವೆ ನಂಬರಿಗೂ ಒಂದೊಂದು ಉತ್ತರ. ನಗರದ ಈ ಭಾಗದಲ್ಲಿ ಕೆಲವು ಜಮೀನು ಬಡಾವಣೆಗೆ ಸ್ವಾಧೀನವಾದವು, ಕೆಲವನ್ನು ಗೃಹ ನಿರ್ಮಾಣ ಸಹಕಾರ ಸಂಘಗಳು ಕೊಂಡವು, ಕೆಲವನ್ನು ರೈತರೇ ಸೈಟು ಮಾಡಿ ಮಾರಿದರು, ಇನ್ನು ಕೆಲವು ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಕರಗಿಹೋದವು.

1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ಮಂಡಳಿ, ಅಂದರೆ ಹಿರಿಯರು ಇಂದಿಗೂ ಸಿಐಟಿಬಿ ಎಂದು ಕರೆಯುವ ಸಂಸ್ಥೆ ಬಂತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಜಯನಗರ, ಬನಶಂಕರಿ, ಜೆ.ಪಿ. ನಗರಗಳು ಹಂತ ಹಂತವಾಗಿ ದಕ್ಷಿಣಕ್ಕೆ ಚಾಚಿಕೊಂಡು ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಯಲಚೇನಹಳ್ಳಿಗಳನ್ನು ಸುತ್ತುವರಿದವು. ಇಷ್ಟೂ ಕಾಲದಲ್ಲಿ ರೈತನ ಹೆಸರಿನಲ್ಲಿ ಆದ ಕಾಯ್ದೆಗಳೇನೂ ಕಡಿಮೆಯಿಲ್ಲ: ಇನಾಂ ರದ್ದತಿ, ಭೂಸುಧಾರಣೆ, ಭೂಕಂದಾಯ, ಪಿಟಿಸಿಎಲ್, ಬಗರ್ ಹುಕುಂ, 2013ರ ಭೂಸ್ವಾಧೀನ ಕಾಯ್ದೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಒಳ್ಳೆಯ ಉದ್ದೇಶ ಕಾಣುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕಾಣುವುದು ಬೇರೆ. ರೈತ ಅರ್ಜಿ ಹಾಕಲು ದಿನ ಗೊತ್ತುಮಾಡುವ ಕಾನೂನು, ಸರ್ಕಾರ ಅದೇ ಜಮೀನಿನ ಬಗ್ಗೆ ತೀರ್ಮಾನಿಸಲು ದಿನ ಗೊತ್ತುಮಾಡುವುದಿಲ್ಲ. ಗೊತ್ತುಮಾಡಿದ ಕಡೆಯೂ ಆ ದಿನ ಮೀರಿದರೆ ಸರ್ಕಾರಕ್ಕೆ ನಷ್ಟವಾಗುವುದು ಅಪರೂಪ. ಬೆಂಗಳೂರು ಸುತ್ತಲಿನ ರೈತ ಕಾನೂನಿನ ಕೈಯಲ್ಲಿ ಅನುಭವಿಸಿದ ಕಷ್ಟಕ್ಕೆ ಇದೇ ಮೂಲ ಎಂದು ನಾನು ನಂಬಿದ್ದೇನೆ.

ಭೂಸುಧಾರಣೆಯಿಂದಲೇ ಶುರು ಮಾಡೋಣ. 1961ರ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸು ಅವರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿದಾರರ ಕೈಯಲ್ಲಿದ್ದ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಸಾಗುವಳಿ ರುಜುವಾತು ಮಾಡಿ ಅಧಿಭೋಗದ ಹಕ್ಕು ಪಡೆಯಬೇಕಿತ್ತು. ಈ ದೇಶ ಕಂಡ ದೊಡ್ಡ ಭೂಸುಧಾರಣೆಗಳಲ್ಲಿ ಇದೂ ಒಂದು. ಕರಾವಳಿ, ಮಲೆನಾಡುಗಳಲ್ಲಿ ಇದರಿಂದ ಬದುಕು ಕಟ್ಟಿಕೊಂಡ ಕುಟುಂಬಗಳ ಮೇಲೆ ಆ ಕಾಯ್ದೆಯ ಋಣವಿದೆ. ಆದರೆ ನಮೂನೆ 7 ಸಲ್ಲಿಸಲು 1979ರ ಜೂನ್ 30 ಕೊನೆಯ ದಿನವಾಯಿತು. ಒಡೆಯನ ಮಾತು ನಂಬಿ ಅರ್ಜಿ ಹಾಕದವನು, ಗೇಣಿ ರಸೀದಿ ಇಲ್ಲದವನು, ಪಹಣಿಯಲ್ಲಿ ಹೆಸರು ಬರೆಸಿಕೊಳ್ಳದವನು ಹೊರಗುಳಿದ. ಅರ್ಜಿ ಹಾಕಿದವರ ಪ್ರಕರಣಗಳನ್ನು ಇತ್ಯರ್ಥಪಡಿಸಲು ನ್ಯಾಯಮಂಡಳಿಗೆ ಮಾತ್ರ ಅಂಥ ಕೊನೆಯ ದಿನ ಇರಲಿಲ್ಲ. ಮಂಡಳಿಯ ಆದೇಶವನ್ನು ಹೈಕೋರ್ಟು ರದ್ದು ಮಾಡಿ ಮರುವಿಚಾರಣೆಗೆ ಕಳಿಸುವುದು, ಅದು ಮತ್ತೆ ಮೇಲಕ್ಕೆ ಹೋಗುವುದು, ಹೀಗೆ ಎರಡು ತಲೆಮಾರು ದಾಟಿದ ಪ್ರಕರಣಗಳಿವೆ.

ಸರ್ಕಾರಿ ಜಮೀನು ಉಳುತ್ತಿದ್ದ ಬಗರ್ ಹುಕುಂ ರೈತರ ಕಥೆಯೂ ಹೀಗೆಯೇ. ಭೂಕಂದಾಯ ಕಾಯ್ದೆಯಡಿ 1991ರಲ್ಲಿ ನಮೂನೆ 50, ಆಮೇಲೆ ನಮೂನೆ 53, 2018ರಲ್ಲಿ ನಮೂನೆ 57 ಬಂದವು. ಪ್ರತಿಯೊಂದಕ್ಕೂ ಕೊನೆಯ ದಿನ, ಪ್ರತಿಯೊಂದಕ್ಕೂ ಇಂಥ ದಿನಕ್ಕೆ ಮುಂಚಿನಿಂದ ಸಾಗುವಳಿ ಮಾಡುತ್ತಿರಬೇಕು ಎಂಬ ಷರತ್ತು. ಮೊದಲೆರಡಕ್ಕೆ 1990ರ ಏಪ್ರಿಲ್ 14, ಕೊನೆಯದಕ್ಕೆ 2005ರ ಜನವರಿ 1. ಬೆಂಗಳೂರು ಆಸುಪಾಸಿನವರಿಗೆ ಇನ್ನೂ ಒಂದು ಅಡ್ಡಿ. ನಗರದ ಎಲ್ಲೆಯಿಂದ 18 ಕಿಲೋಮೀಟರ್ ಒಳಗಿನ ಸರ್ಕಾರಿ ಜಮೀನನ್ನು ಸಕ್ರಮ ಮಾಡುವಂತಿಲ್ಲ. ಎಲ್ಲೆ ಒಂದೇ ಕಡೆ ನಿಂತಿದ್ದರೆ ಸರಿ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆದಾಗ ನಗರದ ಗೆರೆ ಹೊರಕ್ಕೆ ಸರಿಯಿತು, ಅದರ ಜೊತೆಗೆ ಆ 18 ಕಿಲೋಮೀಟರಿನ ವಾದವೂ ಸರಿಯಿತು. ಅರ್ಜಿ ಹಾಕುವ ಹೊತ್ತಿಗೆ ಅರ್ಹನಾಗಿದ್ದ ರೈತ ತೀರ್ಮಾನವಾಗುವ ಹೊತ್ತಿಗೆ ಅನರ್ಹನಾದರೆ ಅದಕ್ಕೆ ಯಾರು ಹೊಣೆ? ಇಲ್ಲಿ ವಿಳಂಬವೇ ತೀರ್ಪು ಕೊಟ್ಟಂತಾಗುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಷರತ್ತು ಮುರಿದು ಬೇರೆಯವರ ಕೈ ಸೇರಿದ್ದರೆ ಅದನ್ನು ಬಿಡಿಸಿ ಹಿಂದಿರುಗಿಸಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಅದನ್ನು ಎತ್ತಿಹಿಡಿಯಿತು. ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ. ಇರದಿದ್ದುದು ಸರಿಯೇ. ಸಾಗುವಳಿ ಚೀಟಿಯ ಷರತ್ತನ್ನು ಓದಲು ಬಾರದವರಿಗಾಗಿ, ಸಾಲಕ್ಕೆ ಒತ್ತೆ ಇಟ್ಟು ಹೆಬ್ಬೆಟ್ಟು ಒತ್ತಿದವರಿಗಾಗಿ ಮಾಡಿದ ಕಾನೂನು ಅದು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಬಂದು ಸುಮಾರು 25 ವರ್ಷ ಕಳೆದ ಮೇಲೆ ಹಾಕಿದ ಅರ್ಜಿ ನಿಲ್ಲುವುದಿಲ್ಲ, ಯುಕ್ತ ಕಾಲದೊಳಗೆ ಬರಬೇಕು ಎಂದಿತು. ಅದರ ಬೆನ್ನಿಗೆ ರಾಜ್ಯದಾದ್ಯಂತ ದಲಿತ ಕುಟುಂಬಗಳ ಅರ್ಜಿಗಳು ಬಿದ್ದುಹೋದವು, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದೀರ್ಘ ಧರಣಿ ನಡೆಯಿತು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸದು ಎಂದು ಬರೆಯಿತು. ಅದಾದ ಮೇಲೂ ತಡವಾದ ಅರ್ಜಿಯ ಪ್ರಶ್ನೆಯನ್ನು ಹೈಕೋರ್ಟು ಮತ್ತೆ ಎತ್ತಿದೆ. ಜಮೀನು ಕೊಂಡವನಿಗೂ ನೆಮ್ಮದಿ ಬೇಕು, ಅದು ನಿಜ. ಆದರೆ ಬಡವನ ತಡಕ್ಕೆ ಇಷ್ಟು ಕಟ್ಟುನಿಟ್ಟಾಗಿರುವ ನ್ಯಾಯಶಾಸ್ತ್ರ ಸರ್ಕಾರದ ತಡಕ್ಕೆ ಅಷ್ಟೇ ಕಟ್ಟುನಿಟ್ಟಾಗಿದೆಯೇ ಎಂಬುದನ್ನು ಮುಂದೆ ನೋಡಬೇಕು.

ಅದಕ್ಕೆ ಮುಂಚೆ ಪಹಣಿ. ರೈತನ ಕಾನೂನಿನ ತೊಂದರೆಗಳಲ್ಲಿ ಹೆಚ್ಚಿನವು ಕೋರ್ಟಿನಲ್ಲಿ ಹುಟ್ಟುವುದಿಲ್ಲ, ಈ ಒಂದು ಹಾಳೆಯಲ್ಲಿ ಹುಟ್ಟುತ್ತವೆ. 9ನೇ ಕಾಲಂನಲ್ಲಿ ಖಾತೆದಾರನ ಹೆಸರು, 10ರಲ್ಲಿ ಜಮೀನು ಅವನಿಗೆ ಹೇಗೆ ಬಂತು ಎಂಬ ಮ್ಯುಟೇಶನ್ ವಿವರ, 11ರಲ್ಲಿ ಸಾಲ, ತಡೆಯಾಜ್ಞೆ, ಸ್ವಾಧೀನದ ನೋಟಿಫಿಕೇಷನ್ ಮುಂತಾದ ಋಣಗಳು, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ಒಂದು ಮಾದರಿ ನೋಡೋಣ. ಮೂರು ಎಕರೆಯ ಸರ್ವೆ ನಂಬರ್. 9ನೇ ಕಾಲಂನಲ್ಲಿ ತೀರಿಕೊಂಡು ಮೂವತ್ತು ವರ್ಷವಾದ ತಾತನ ಹೆಸರು. ಅವನಿಗೆ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಗಂಡುಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬದು ಹಾಕಿಕೊಂಡು ಉಳುತ್ತಿದ್ದಾರೆ. ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ, ಹಿಸ್ಸಾ ನಂಬರ್ ಬಿದ್ದಿಲ್ಲ. ಸ್ವಾಧೀನದ ನೋಟಿಸ್ ಬಂದರೆ ತಾತನ ಹೆಸರಿಗೆ ಬರುತ್ತದೆ. ತೆಗೆದುಕೊಳ್ಳುವವನು ಇಲ್ಲವೆಂದು ವಾಪಸು ಹೋಗುತ್ತದೆ, ಇಲ್ಲವೇ ಜಮೀನಿನ ಮೇಲೆ ಅಂಟಿಸಿ ಮಹಜರು ಬರೆಯುತ್ತಾರೆ. ತಕರಾರು ಸಲ್ಲಿಸುವ ಅವಧಿ ಅಲ್ಲಿಗೆ ಮುಗಿಯಿತು.

2000ರ ಹೊತ್ತಿಗೆ ಬಂದ ಭೂಮಿ ಯೋಜನೆ ಶಾನುಭೋಗರ ಕೈಬರಹದ ದಫ್ತರವನ್ನು ಕಂಪ್ಯೂಟರಿಗೆ ಏರಿಸಿತು; ಪಹಣಿಗೆ ಕೈ ಬಿಸಿ ಮಾಡುವ ಕಾಟ ತಪ್ಪಿಸಿತು. ಅದರ ಉಪಕಾರ ದೊಡ್ಡದು. ಆದರೆ ದಫ್ತರದಲ್ಲಿದ್ದ ತಪ್ಪುಗಳೂ ಹಾಗೇ ಏರಿದವು. ಆಕಾರಬಂದಿನಲ್ಲಿ ಒಂದು ವಿಸ್ತೀರ್ಣ, ಪಹಣಿಯಲ್ಲಿ ಇನ್ನೊಂದು, ಟಿಪ್ಪಣಿ ಸಿಕ್ಕುವುದಿಲ್ಲ, ದರಖಾಸ್ತಿನಲ್ಲಿ ಮಂಜೂರಾದದ್ದು ಎರಡು ಎಕರೆಯಾದರೂ ಜಾಗದಲ್ಲಿ ಅಳೆದರೆ ಒಂದೂವರೆ. ತಿದ್ದುಪಡಿಗೆ ತಹಶೀಲ್ದಾರ್, ಅಲ್ಲಿಂದ ಎ.ಸಿ. ಕೋರ್ಟು, ಅಲ್ಲಿಂದ ಡಿ.ಸಿ. ಕೋರ್ಟು. ಇಷ್ಟೆಲ್ಲ ಅಲೆದ ಮೇಲೆ, ಹಕ್ಕಿನ ತಕರಾರನ್ನು ಕಂದಾಯ ಅಧಿಕಾರಿ ತೀರ್ಮಾನಿಸುವಂತಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಎಂಬ ಆದೇಶ. ಕಾನೂನಿನ ಪ್ರಕಾರ ಅದು ಸರಿ. ಪಹಣಿ, ಮ್ಯುಟೇಶನ್ ಇವು ಹಕ್ಕನ್ನು ಸೃಷ್ಟಿಸುವುದಿಲ್ಲ; ಭೂಕಂದಾಯ ಕಾಯ್ದೆಯ 133ನೇ ಕಲಂ ಅವುಗಳನ್ನು ಸುಳ್ಳೆಂದು ತೋರಿಸುವ ತನಕ ನಿಜವೆಂದು ಭಾವಿಸಲು ಹೇಳುತ್ತದೆ, ಅಷ್ಟೆ. ಈ ಮಾತನ್ನು ರೈತನಿಗೆ ಮೊದಲ ಮೆಟ್ಟಿಲಲ್ಲೇ ಹೇಳಿದ್ದರೆ ಹತ್ತು ವರ್ಷ ಉಳಿಯುತ್ತಿತ್ತು.

ಆ ಮಾದರಿಯ ಇಬ್ಬರು ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲೂ ತಾರೀಖುಗಳದೇ ಆಟ. ಕರ್ನಾಟಕ ಕೇಂದ್ರಕ್ಕಿಂತ ಮುಂಚೆಯೇ, 1994ರ ಜುಲೈ 30ರಿಂದ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಎಂದಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಕರ್ನಾಟಕದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು, ಆ ದಿನ ತಂದೆ ಬದುಕಿರಬೇಕು ಎಂದಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ಕೋರ್ಟು, ಹಕ್ಕು ಹುಟ್ಟಿನಿಂದ ಬರುವಂಥದು, ತಂದೆ ಬದುಕಿರಬೇಕಿಲ್ಲ ಎಂದು ಸರಿಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆದ ವಿಭಾಗ, ಮಾರಾಟಗಳಿಗೆ ಮಾತ್ರ ರಕ್ಷಣೆ. ಅಕ್ಕತಂಗಿಯರು ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚಿತು ಎಂಬ ಭಯ ಹಳ್ಳಿಯಲ್ಲಿ ಇನ್ನೂ ಇದೆ. ಜಮೀನಿಗೆ ಬೆಲೆ ಬಂದ ದಿನ, ಅಂದರೆ ಪರಿಹಾರದ ಹಣ ಬರುವ ದಿನ ಅಥವಾ ಬಿಲ್ಡರ್ ಜಂಟಿ ಅಭಿವೃದ್ಧಿ ಕರಾರು ತರುವ ದಿನ, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಅಣ್ಣಂದಿರು ಬರುತ್ತಾರೆ. ಆ ಪತ್ರದಲ್ಲಿ ಬರೆದ ಮೊತ್ತಕ್ಕೂ ಜಮೀನಿನ ಬೆಲೆಗೂ ಇರುವ ಅಂತರವೇ ಮುಂದೆ ದಾವೆಯಾಗುತ್ತದೆ. ಅಲ್ಲಿಗೆ ಪರಿಹಾರದ ಹಣ ಕೋರ್ಟಿನಲ್ಲಿ ಠೇವಣಿ. ಹೆಣ್ಣುಮಕ್ಕಳು ಕೇಳಿದ್ದು ತಪ್ಪಲ್ಲ. ಮೊದಲೇ ಕೊಡದಿದ್ದುದು ತಪ್ಪು.

ಈಗ ಭೂಸ್ವಾಧೀನ. ಜರಗನಹಳ್ಳಿಯ ಸುತ್ತಲಿನ ನಗರವನ್ನು ಕಟ್ಟಿದ್ದು ಇದೇ, ಇವತ್ತು ಹೊರವಲಯದ ಹಳ್ಳಿಗಳ ನಿದ್ದೆಗೆಡಿಸಿರುವುದೂ ಇದೇ.

1894ರ ಕಾಯ್ದೆಯಲ್ಲಿ ಜಮೀನಿನ ಬೆಲೆ ಕಟ್ಟುವುದು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ. ಅದರ ಮೇಲೆ ಶೇ 30 ಸೊಲೇಷಿಯಂ, ಅಂದರೆ ಬಲವಂತದ ಸ್ವಾಧೀನಕ್ಕಾಗಿ ಕೊಡುವ ಹೆಚ್ಚುವರಿ ಹಣ. ಸರ್ಕಾರ ಅಧಿಸೂಚನೆ ಹೊರಡಿಸಿ ಸುಮ್ಮನೆ ಕೂತರೆ ಬೆಲೆ ಅಲ್ಲೇ ನಿಂತಿರುತ್ತದೆ. ಪಕ್ಕದ ಜಮೀನಿನ ದರ ಹತ್ತು ಪಟ್ಟು ಏರಿದರೂ ರೈತನಿಗೆ ಹಳೆಯ ದರವೇ. ಈ ಅನ್ಯಾಯ ತಡೆಯಲೆಂದೇ 1984ರಲ್ಲಿ 11ಎ ಕಲಂ ಸೇರಿಸಿ, ಅಂತಿಮ ಘೋಷಣೆಯಾಗಿ ಎರಡು ವರ್ಷದೊಳಗೆ ಅವಾರ್ಡ್ (ಪರಿಹಾರ ನಿಗದಿಯ ಆದೇಶ) ಆಗದಿದ್ದರೆ ಸ್ವಾಧೀನ ಬಿದ್ದುಹೋಗುತ್ತದೆ ಎಂದರು. ಸರ್ಕಾರವನ್ನು ನಿಜವಾಗಿ ಕಟ್ಟಿಹಾಕಿದ ಗಡುವು ಅದು. ಬೆಂಗಳೂರಿನ ರೈತನಿಗೆ ಅದು ದಕ್ಕಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆಫ್‌ಶೋರ್ ಹೋಲ್ಡಿಂಗ್ಸ್ ಪ್ರಕರಣದಲ್ಲಿ ಆ ಗಡುವು ಬಿಡಿಎ ಸ್ವಾಧೀನಕ್ಕೆ ಅನ್ವಯಿಸದು ಎಂದಿತು. ಅದೇ ವರ್ಷ ಎಂ. ನಾಗಭೂಷಣ ಪ್ರಕರಣದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೂ (ಕೆಐಎಡಿಬಿ) ಅನ್ವಯಿಸದು ಎಂದಿತು. ಬಿಡಿಎ ಕಾಯ್ದೆಯ 27ನೇ ಕಲಂ ಐದು ವರ್ಷದಲ್ಲಿ ಯೋಜನೆಯನ್ನು ಗಣನೀಯವಾಗಿ ಜಾರಿ ಮಾಡದಿದ್ದರೆ ಅದು ರದ್ದಾಗುತ್ತದೆ ಎನ್ನುತ್ತದೆ. ಆದರೆ ಜಮೀನು ಒಮ್ಮೆ ಸರ್ಕಾರಕ್ಕೆ ನಿಹಿತವಾದರೆ ಯೋಜನೆ ಬಿದ್ದರೂ ಜಮೀನು ವಾಪಸು ಬಾರದು ಎಂಬ ವ್ಯಾಖ್ಯಾನ ನಿಂತಿದೆ.

2013ರ ಹೊಸ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಸಾಮಾಜಿಕ ಪರಿಣಾಮದ ಅಧ್ಯಯನ, ಖಾಸಗಿ ಯೋಜನೆಗೆ ಶೇ 80ರಷ್ಟು ಕುಟುಂಬಗಳ ಒಪ್ಪಿಗೆ, ಗ್ರಾಮಾಂತರದಲ್ಲಿ ಮಾರುಕಟ್ಟೆ ದರದ ಎರಡು ಪಟ್ಟಿನವರೆಗೆ ಬೆಲೆ, ಅದರ ಮೇಲೆ ಶೇ 100 ಸೊಲೇಷಿಯಂ, ಘೋಷಣೆಯಾಗಿ 12 ತಿಂಗಳಲ್ಲಿ ಅವಾರ್ಡ್. ಇಷ್ಟು ಒಳ್ಳೆಯ ಕಾಯ್ದೆಯ ಹೊಸ್ತಿಲಾಚೆಯೇ ಬೆಂಗಳೂರಿನ ರೈತ ನಿಂತಿದ್ದಾನೆ. ಬಿಡಿಎ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸದು, 1894ರದೇ ಅನ್ವಯ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಒಂದೇ ರಾಜ್ಯದಲ್ಲಿ ಹೆದ್ದಾರಿಗೆ ಜಮೀನು ಕೊಟ್ಟವನಿಗೆ ಒಂದು ನ್ಯಾಯ, ಬಡಾವಣೆಗೆ ಕೊಟ್ಟವನಿಗೆ ಇನ್ನೊಂದು. ಇದು ನ್ಯಾಯಾಲಯದ ತಪ್ಪಲ್ಲ. ವಿಧಾನಸೌಧದಲ್ಲಿ ಒಂದು ತಿದ್ದುಪಡಿಯಿಂದ ಸರಿಯಾಗುವ ವಿಷಯವನ್ನು ಯಾವ ಪಕ್ಷದ ಸರ್ಕಾರವೂ ಕೈಗೆತ್ತಿಕೊಳ್ಳಲಿಲ್ಲ.

ಇದರ ಫಲ ಊರೂರಲ್ಲಿ ಕಾಣುತ್ತದೆ. ಪೆರಿಫೆರಲ್ ರಿಂಗ್ ರಸ್ತೆಗೆ ಪ್ರಾಥಮಿಕ ಅಧಿಸೂಚನೆ 2005ರಲ್ಲಿ, ಅಂತಿಮ 2007ರಲ್ಲಿ. ರಸ್ತೆಗೆ ಹೊಸ ಹೆಸರು ಬಂದರೂ ರೈತರಿಗೆ ದುಡ್ಡು ಬರುವುದು ಹದಿನೈದು ವರ್ಷ ಮೀರಿದರೂ ಮುಗಿಯಲಿಲ್ಲ. ಅಲ್ಲಿಯವರೆಗೆ ಆ ಜಮೀನನ್ನು ಮಾರುವಂತಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ, ಮಗಳ ಮದುವೆಗೆ ಒತ್ತೆ ಇಡುವಂತಿಲ್ಲ. ಡಾ. ಶಿವರಾಮ ಕಾರಂತ ಬಡಾವಣೆಗೆ 2008ರ ಡಿಸೆಂಬರಿನಲ್ಲಿ 17 ಹಳ್ಳಿಗಳ 3,546 ಎಕರೆಗೆ ಅಧಿಸೂಚನೆ ಹೊರಟಿತು. ನಡುವೆ ಕೈಬಿಟ್ಟದ್ದು, ಬಿಡಿಸಿಕೊಂಡದ್ದು, ಮನೆ ಎದ್ದದ್ದು ಎಲ್ಲ ಆಗಿ ಹತ್ತು ವರ್ಷ ಕಳೆದ ಮೇಲೆ, 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಅಂತಿಮ ಅಧಿಸೂಚನೆ ಹೊರಡಿಸಲು ಆದೇಶಿಸಿತು. ಪ್ರಭಾವಿಗಳ ಜಮೀನು ಡಿನೋಟಿಫೈ ಆಗುವುದನ್ನು ತಡೆಯುವುದು ಕೋರ್ಟಿನ ಉದ್ದೇಶವಾಗಿತ್ತು, ಅದರಲ್ಲಿ ಅರ್ಥವಿದೆ. ಆದರೆ ಹತ್ತು ವರ್ಷದ ವಿಳಂಬದಲ್ಲಿ ಪಾಲಿಲ್ಲದ ಸಣ್ಣ ರೈತ ಮತ್ತು ಸಣ್ಣ ಸೈಟುದಾರ ಮತ್ತೆ ಮೊದಲ ಮನೆಗೆ ಬಂದು ನಿಂತರು. ಅರ್ಕಾವತಿ ಬಡಾವಣೆಯಲ್ಲಿ ಬೊಂದು ರಾಮಸ್ವಾಮಿ ಪ್ರಕರಣ 2010ರಲ್ಲಿ ತೀರ್ಮಾನವಾಯಿತು; ಅದರ ನಿರ್ದೇಶನ ಪಾಲಿಸುವ ಹೆಸರಿನಲ್ಲಿ ನಡೆದ ಕೈಬಿಡುವಿಕೆಯ ಬಗ್ಗೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗವನ್ನೇ ನೇಮಿಸಬೇಕಾಯಿತು.

ನಗದಿನ ಬದಲು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಪದ್ಧತಿ ಈಗ ಬಂದಿದೆ. ಶೇ 40ರಷ್ಟು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟು ನಿವೇಶನಕ್ಕೆ ಉಳಿಯುವುದು ಶೇ 55, ಅಂದರೆ 23,958 ಚದರ ಅಡಿ. ಅದರಲ್ಲಿ ಶೇ 40 ಎಂದರೆ 9,583. ಎಕರೆಗೆ ಹೋಲಿಸಿದರೆ ಶೇ 22. ಮೂವತ್ತು ನಲವತ್ತರ ಸೈಟು ಏಳಾದೀತು, ಎಂಟನೆಯದು ತುಂಬುವುದಿಲ್ಲ. ಆದರೂ ನಗದಿಗಿಂತ ಇದು ಮೇಲು, ಏಕೆಂದರೆ ಬೆಲೆ ಏರಿದಂತೆ ರೈತನ ಪಾಲೂ ಏರುತ್ತದೆ. ಆದರೆ ಬಡಾವಣೆ ಮುಗಿದರೆ ತಾನೇ ಸೈಟು? ನೀರು, ಚರಂಡಿ, ಕರೆಂಟು ಇಲ್ಲದ ನಿವೇಶನದ ಹಕ್ಕುಪತ್ರ ಹಿಡಿದು ಕಾಯುವ ರೈತನ ಮನೆಯಲ್ಲಿ ರಾಗಿ ಕಣಜವೂ ಖಾಲಿ, ಬಾಡಿಗೆಯೂ ಇಲ್ಲ.

ಪರಿಹಾರ ಕಡಿಮೆಯಾಯಿತೆಂದು ಕೇಳುವ ರೈತನ ಮೇಲಿನ ಗಡುವುಗಳನ್ನು ಈಗ ನೋಡಿ. 1894ರ ಕಾಯ್ದೆಯ 18ನೇ ಕಲಂಗೆ ಕರ್ನಾಟಕ ಮಾಡಿದ ತಿದ್ದುಪಡಿಯಂತೆ, ಅವಾರ್ಡ್ ನೋಟಿಸ್ ಮುಟ್ಟಿ 90 ದಿನದೊಳಗೆ ಸಿವಿಲ್ ಕೋರ್ಟಿಗೆ ಕಳಿಸಿಕೊಡಿ ಎಂದು ಅರ್ಜಿ ಕೊಡಬೇಕು. ಅಧಿಕಾರಿ ಮುಂದಿನ 90 ದಿನದಲ್ಲಿ ಅದನ್ನು ಕೋರ್ಟಿಗೆ ಕಳಿಸಬೇಕು. ಕಳಿಸದಿದ್ದರೆ? ಅಧಿಕಾರಿಗೆ ಏನೂ ಆಗುವುದಿಲ್ಲ; ರೈತನೇ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಿ ಕಳಿಸಿಕೊಡಲು ಹೇಳಿ ಎಂದು ಕೇಳಬೇಕು. ಲಕ್ಷ್ಮಣ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿತು. ಅಧಿಕಾರಿಯ ತಪ್ಪಿನಿಂದ ರೈತನ ಗಡಿಯಾರ ಓಡಲು ಶುರುವಾಗುತ್ತದೆ. ಕಚೇರಿಯಲ್ಲಿ ಅರ್ಜಿ ಇದೆಯಲ್ಲ ಎಂದು ನಂಬಿ ಕೂತವನ ಹಕ್ಕು ಅಲ್ಲೇ ಸತ್ತಿತು. ಅಕ್ಕಪಕ್ಕದವನಿಗೆ ಕೋರ್ಟು ಹೆಚ್ಚು ಪರಿಹಾರ ಕೊಟ್ಟರೆ ಅದೇ ದರ ಕೇಳಲು 28ಎ ಕಲಮಿನಲ್ಲಿ ಅವಕಾಶವಿದೆ, ಆದರೆ ಆ ತೀರ್ಪಿನ ದಿನದಿಂದ ಮೂರೇ ತಿಂಗಳು.

ಇದಕ್ಕೆ ಎದುರಾಗಿ ಸರ್ಕಾರದ ತಡ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜರಗನಹಳ್ಳಿಯಿಂದ ಕನಕಪುರ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಸಿಗುವ ನೈಸ್ ರಸ್ತೆಯೇ ಸಾಕ್ಷಿ. ಆ ರಸ್ತೆ ಸೇರಿರುವ ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಯ ಮೂಲ ಒಪ್ಪಂದ 1997ರದು, ಜಮೀನು 20,193 ಎಕರೆ. ಮೈಸೂರಿಗೆ ಹೋಗಬೇಕಿದ್ದ 111 ಕಿಲೋಮೀಟರಿನ ಎಕ್ಸ್‌ಪ್ರೆಸ್ ರಸ್ತೆ ಆಗಲೇ ಇಲ್ಲ. ಕಾರಿಡಾರ್ ಯೋಜನೆಗೆಂದು ಕೆಐಎಡಿಬಿ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿ 2005ರಲ್ಲಿ ಸ್ವಾಧೀನಕ್ಕೆ ತೆಗೆದುಕೊಂಡ ಕೆಲವು ನಿವೇಶನಗಳ ಮಾಲೀಕರಿಗೆ ಅವಾರ್ಡ್ ಆದದ್ದು 2019ರ ಏಪ್ರಿಲ್ 22ರಂದು, ಅದೂ ನ್ಯಾಯಾಂಗ ನಿಂದನೆಯ ಪ್ರಕರಣ ಹೂಡಿದ ಮೇಲೆ, 2011ರ ದರದಲ್ಲಿ. ಬರ್ನಾರ್ಡ್ ಫ್ರಾನ್ಸಿಸ್ ಜೋಸೆಫ್ ವಾಜ್ ಪ್ರಕರಣದಲ್ಲಿ 2025ರ ಜನವರಿ 2ರಂದು ಸುಪ್ರೀಂ ಕೋರ್ಟು, 300ಎ ವಿಧಿಯ ಆಸ್ತಿಯ ಹಕ್ಕು ಮೂಲಭೂತ ಹಕ್ಕಲ್ಲದಿದ್ದರೂ ಸಾಂವಿಧಾನಿಕ ಹಕ್ಕು ಎಂದು ನೆನಪಿಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ದರವನ್ನೇ ಕಟ್ಟಿಕೊಡಲು ಆದೇಶಿಸಿತು. ಮನಸ್ಸಿಗೆ ಸಮಾಧಾನ ತರುವ ತೀರ್ಪು. ಆದರೆ ಅದು ಬಂದದ್ದು 142ನೇ ವಿಧಿಯ ವಿಶೇಷಾಧಿಕಾರದಿಂದ. ಎಲ್ಲ ರೈತರಿಗೂ ತಾನಾಗಿ ಅನ್ವಯವಾಗುವ ನಿಯಮ ಅದಲ್ಲ. ದೆಹಲಿಯವರೆಗೆ ಹೋಗಿ ಎರಡು ದಶಕ ಹೋರಾಡುವ ಶಕ್ತಿ ಇದ್ದವರಿಗೆ ಸಿಕ್ಕ ನ್ಯಾಯ ಎರಡು ಎಕರೆಯ ರೈತನ ಬಾಗಿಲಿಗೆ ಬರಬೇಕಾದರೆ ಅದು ಕಾಯ್ದೆಯಲ್ಲಿ ಇರಬೇಕು. ಆ ತೀರ್ಪಿನ ಹಿಂದಿನ ವರ್ಷ ಕೋಲ್ಕತ್ತ ನಗರಪಾಲಿಕೆಯ ಪ್ರಕರಣದಲ್ಲಿ ಇದೇ ನ್ಯಾಯಾಲಯ, ಸ್ವಾಧೀನದ ಪ್ರಕ್ರಿಯೆಯನ್ನು ದಕ್ಷವಾಗಿ, ನಿಗದಿತ ಕಾಲದಲ್ಲಿ ಮುಗಿಸುವುದು ಆಸ್ತಿ ಹಕ್ಕಿನದೇ ಒಂದು ಭಾಗ ಎಂದು ಹೇಳಿತ್ತು. ಕಾಯ್ದೆ ಬರೆಯುವವರಿಗೆ ಅದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಸ್ವಾಧೀನದ ಭಯವೇ ರೈತನನ್ನು ಬೇರೆ ದಾರಿಗೂ ತಳ್ಳಿತು. ನೋಟಿಫಿಕೇಷನ್ ಬರುವ ಮುಂಚೆ ಬಂದಷ್ಟಕ್ಕೆ ಮಾರೋಣ ಎಂದು ಭೂಪರಿವರ್ತನೆ ಇಲ್ಲದೆ, ನಕ್ಷೆ ಮಂಜೂರಾತಿ ಇಲ್ಲದೆ ಜಿಪಿಎ ಮೇಲೆ ಕಂದಾಯ ಸೈಟುಗಳನ್ನು ಮಾರಿದರು. ಕೊಂಡವರು ಬಿ ಖಾತಾ ಹಿಡಿದುಕೊಂಡರು. ಗೃಹ ನಿರ್ಮಾಣ ಸಂಘಗಳ ಹೆಸರಿನಲ್ಲಿ ಮಧ್ಯವರ್ತಿಗಳು ಸ್ವಾಧೀನ ಮಾಡಿಸಿದ್ದನ್ನು 1995ರಲ್ಲಿ ಎಚ್‌ಎಂಟಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿ ಜಮೀನನ್ನು ಮಾಲೀಕರಿಗೆ ಹಿಂದಿರುಗಿಸಲು ಹೇಳಿತು. ಅಂಥ ಅದೃಷ್ಟ ಎಲ್ಲ ಹಳ್ಳಿಗಳದಾಗಲಿಲ್ಲ.

ಜರಗನಹಳ್ಳಿಯ ಪಕ್ಕದ ಸಾರಕ್ಕಿ ಕೆರೆ ಇನ್ನೊಂದು ಪಾಠ. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಕೊತ್ತನೂರುಗಳ ಗಡಿಯಲ್ಲಿ ಎಂಬತ್ತಕ್ಕೂ ಹೆಚ್ಚು ಎಕರೆಯಲ್ಲಿ ಹರಡಿದ ಈ ಕೆರೆಯ ಅಂಗಳದಲ್ಲಿ ಎದ್ದಿದ್ದ ಮನೆ, ಅಪಾರ್ಟ್‌ಮೆಂಟುಗಳನ್ನು 2015ರ ಏಪ್ರಿಲಿನಲ್ಲಿ ಜಿಲ್ಲಾಡಳಿತ ಕೆಡವಿತು. ಕೆರೆ ಉಳಿಯಲೇಬೇಕು, ಈ ಭಾಗದ ಬೋರ್‌ವೆಲ್‌ಗಳಲ್ಲಿ ನೀರು ಇರಬೇಕಾದರೆ ಸಾರಕ್ಕಿ ಇರಬೇಕು. ಮನೆ ಕಳೆದುಕೊಂಡ ಅನೇಕರ ಕೈಯಲ್ಲಿ ನೋಂದಾಯಿತ ಕ್ರಯಪತ್ರವಿತ್ತು, ತೆರಿಗೆ ರಸೀದಿಯಿತ್ತು. ಗ್ರಾಮ ನಕ್ಷೆ ಮತ್ತು ಟಿಪ್ಪಣಿ ತೆಗೆಸಿ ನೋಡುವ ಕೆಲಸವನ್ನು ನೋಂದಣಿಗೆ ಮುಂಚೆ ಯಾರೂ ಮಾಡಿರಲಿಲ್ಲ. ಎ ಖರಾಬು, ಬಿ ಖರಾಬಿನ ವ್ಯತ್ಯಾಸ ಕೊಳ್ಳುವವನಿಗೂ ಗೊತ್ತಿರುವುದಿಲ್ಲ. ಎ ಖರಾಬು ಬಂಡೆ, ಕಲ್ಲು ಇರುವ ಉಳಲಾಗದ ಜಾಗ, ಜಮೀನಿನ ಜೊತೆ ಹೋಗುತ್ತದೆ. ಬಿ ಖರಾಬು ದಾರಿ, ಹಳ್ಳ, ರಾಜಕಾಲುವೆ, ಅದು ಸಾರ್ವಜನಿಕರದು, ಯಾರೂ ಮಾರುವಂತಿಲ್ಲ.

2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕನಲ್ಲದವನೂ, ಎಷ್ಟೇ ಆದಾಯ ಇರುವವನೂ ಕೃಷಿ ಜಮೀನು ಕೊಳ್ಳಬಹುದು ಎಂದಿತು. ಹಳೆಯ ನಿರ್ಬಂಧ ಲಂಚದ ದಾರಿಯಾಗಿತ್ತು ಎಂಬ ಮಾತು ಸುಳ್ಳಲ್ಲ, ಎ.ಸಿ. ಕೋರ್ಟುಗಳಲ್ಲಿ ಆ ಪ್ರಕರಣಗಳು ರಾಶಿ ಬಿದ್ದಿದ್ದವು. ಆದರೆ ಮಾರಲು ಸುಲಭ ಮಾಡಿದಷ್ಟು ಶ್ರದ್ಧೆಯಿಂದ ಉಳಿಸಿಕೊಳ್ಳಲು ಸುಲಭ ಮಾಡಲಿಲ್ಲ. ಪೋಡಿಯಾಗದ, ಪೌತಿ ಖಾತೆಯಾಗದ ಜಮೀನಿನ ರೈತ ಪೂರ್ತಿ ಬೆಲೆಗೆ ಮಾರಲಾರ. ಆ ಕೊರತೆಯನ್ನೇ ತೋರಿಸಿ ದಲ್ಲಾಳಿ ಅರ್ಧ ಬೆಲೆಗೆ ಇಳಿಸುತ್ತಾನೆ.

ರೈತರು ಗೆದ್ದ ಒಂದು ಪ್ರಸಂಗವೂ ಇದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಕೆಐಎಡಿಬಿ ಅಧಿಸೂಚನೆ ಹೊರಡಿಸಿದಾಗ ಅಲ್ಲಿನವರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಆ ರೈತರು ಕೋರ್ಟಿನ ತೀರ್ಪಿಗೆ ಕಾಯಲಿಲ್ಲ. ಅಂತಿಮ ಘೋಷಣೆಗೆ ಮುಂಚೆಯೇ ಒಗ್ಗಟ್ಟಾದರು, ಜಮೀನು ಕೊಡುವುದಿಲ್ಲ ಎಂದು ಲಿಖಿತವಾಗಿ ತಕರಾರು ಕೊಟ್ಟರು. ಅದೇ ವರ್ಷ ಬಿಡದಿ ಹೋಬಳಿಯ ಬೈರಮಂಗಲ, ಕಂಚುಗಾರನಹಳ್ಳಿ ಭಾಗದಲ್ಲಿ ಟೌನ್‌ಶಿಪ್ ಯೋಜನೆಯ ವಿರುದ್ಧ ರೈತರು ಬೀದಿಗೆ ಬಂದರು. ದೇವನಹಳ್ಳಿಯ ಪಾಠ ಅವರ ಕಣ್ಣ ಮುಂದಿದೆ.

ಸರ್ಕಾರ ಮಾಡಬೇಕಾದದ್ದು ಕಷ್ಟದ್ದಲ್ಲ. ಬಿಡಿಎ ಕಾಯ್ದೆಗೆ, 1966ರ ಕೆಐಎಡಿಬಿ ಕಾಯ್ದೆಗೆ ಎರಡು ಕಲಂ ಸೇರಿಸಲಿ: ಅಂತಿಮ ಅಧಿಸೂಚನೆಯಾಗಿ ಒಂದು ವರ್ಷದಲ್ಲಿ ಅವಾರ್ಡ್ ಆಗದಿದ್ದರೆ ಸ್ವಾಧೀನ ಬಿದ್ದುಹೋಗಬೇಕು, ಪ್ರಾಥಮಿಕ ಅಧಿಸೂಚನೆಯಾಗಿ ಎರಡು ವರ್ಷ ದಾಟಿದರೆ ಬೆಲೆ ಅವಾರ್ಡಿನ ದಿನಕ್ಕೆ ಕಟ್ಟಬೇಕು. ಪರಿಹಾರವನ್ನು 2013ರ ಕಾಯ್ದೆಯ ಮಟ್ಟಕ್ಕೆ ಏರಿಸಲಿ. ಇದರಿಂದ ಬಡಾವಣೆ ದುಬಾರಿಯಾಗುತ್ತದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಆ ದುಬಾರಿಯನ್ನು ಇಷ್ಟು ವರ್ಷ ಹೊತ್ತಿದ್ದು ರೈತ, ಈಗ ನಗರ ಹೊರಲಿ.

ಅಲ್ಲಿಯವರೆಗೆ ಕಗ್ಗಲೀಪುರದಲ್ಲೋ ಹಾರೋಹಳ್ಳಿಯಲ್ಲೋ ಜಮೀನು ಇರುವವರು ಕಾಯದೆ ಮಾಡಬೇಕಾದ ಕೆಲಸಗಳಿವೆ. ತಾತನ ಹೆಸರಿನಲ್ಲಿರುವ ಖಾತೆಯನ್ನು ಪೌತಿ ಮೂಲಕ ಎಲ್ಲ ವಾರಸುದಾರರ ಹೆಸರಿಗೆ, ಹೆಣ್ಣುಮಕ್ಕಳನ್ನೂ ಸೇರಿಸಿ, ಮಾಡಿಸಿಕೊಳ್ಳಿ. ಬಾಯಿಮಾತಿನ ಪಾಲಿಗೆ 11ಇ ನಕ್ಷೆ ಮಾಡಿಸಿ ನೋಂದಾಯಿತ ವಿಭಾಗಪತ್ರ ಬರೆಸಿ, ಪೋಡಿ ಮಾಡಿಸಿ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸಬೇಡಿ. ನಾಳೆ ಇಡೀ ಊರಿನ ಪರಿಹಾರ ಕಟ್ಟುವಾಗ ಅದೇ ಪತ್ರವನ್ನು ಮುಂದಿಡುತ್ತಾರೆ. ಪಹಣಿಯ 11ನೇ ಕಾಲಂ ಅನ್ನು ಆಗಾಗ ತೆಗೆಸಿ ನೋಡಿ. ಬಿಡಿಎ, ಕೆಐಎಡಿಬಿ ನೋಟಿಸ್ ಬಂದರೆ ತಕರಾರಿಗೆ ಇರುವುದು ಸಾಮಾನ್ಯವಾಗಿ 30 ದಿನ, 2013ರ ಕಾಯ್ದೆಯಡಿಯಾದರೆ 60. ಪರಿಶಿಷ್ಟರಿಗೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿ ಕೊಡುತ್ತದೆ, ಅದು ಕೋರ್ಟಿನ ಆವರಣದಲ್ಲೇ ಇರುತ್ತದೆ. ತಕರಾರು ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು, ತಾರೀಖು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ.